ಕ್ಲೈಂಬಿಂಗ್ ಬಂಡೆಯಲ್ಲಿ ಸ್ವಚ್ಛತಾ ದಿನ: ಮೊದಲ ಫೋನ್ ಕರೆಯಿಂದ ಕೊನೆಯ ಮೂಟೆವರೆಗೆ

ತುಮಕೂರು ಜಿಲ್ಲೆಯಲ್ಲಿ ಬಂಡೆಗೆ ಬರ ಇಲ್ಲ. ದೇವರಾಯನದುರ್ಗ, ಸಿದ್ಧರಬೆಟ್ಟ, ಚನ್ನರಾಯನದುರ್ಗ, ಮಧುಗಿರಿ, ಪಾವಗಡ. ಯಾವ ದಿಕ್ಕಿಗೆ ಹೊರಟರೂ ಕಲ್ಲೇ ಎದುರಾಗುತ್ತದೆ. ರಾಮನಗರದ ಕಡೆಯಿಂದ ಉತ್ತರಕ್ಕೆ ಮಧುಗಿರಿ, ಪಾವಗಡದ ಕಡೆ ಸಾಗುವ ಕ್ಲೋಸ್‌ಪೇಟ್ ಗ್ರಾನೈಟ್ ಪಟ್ಟಿಗೆ ಸುಮಾರು 250 ಕೋಟಿ ವರ್ಷ ವಯಸ್ಸು. ಒರಟು ಕಲ್ಲು, ಶೂಗೆ ಒಳ್ಳೆ ಹಿಡಿತ. ಕ್ಲೈಂಬಿಂಗ್ ಕಲಿಯುವವರಿಗೆ ಇದಕ್ಕಿಂತ ಇನ್ನೇನು ಬೇಕು?

ಆದರೆ ರಸ್ತೆಗೆ ಹತ್ತಿರ ಇರುವ ಬಂಡೆಗಳ ಗತಿ ಈಗ ನೋಡಲು ಆಗುವುದಿಲ್ಲ. ಹತ್ತುವವರು ಬರುವುದು ಕಡಿಮೆ ಆದ ಕೂಡಲೇ ಆ ಜಾಗ ಸಂಜೆ ಕುಡಿಯುವವರದ್ದಾಗುತ್ತದೆ. ಬುಡದಲ್ಲಿ ಒಡೆದ ಬಾಟಲಿ, ಕಲ್ಲಿನ ಮೇಲೆ ಬಣ್ಣದಲ್ಲಿ ಬರೆದ ಹೆಸರುಗಳು, ಸಂದುಗಳಲ್ಲಿ ಚಿಪ್ಸ್ ಪ್ಯಾಕೆಟ್, ಮೇಲೆ ಬಿಸಿಲಿಗೆ ಬೆಳ್ಳಗಾದ ಹಳೇ ಹಗ್ಗದ ತುಂಡು. ಅಂಥ ಒಂದು ಬಂಡೆಯನ್ನು ಮತ್ತೆ ಹತ್ತುವ ಹಾಗೆ ಮಾಡಬೇಕು ಅಂತ ನಿಮಗೆ ಅನಿಸಿದ್ದರೆ, ಈ ಮಾರ್ಗದರ್ಶಿ ನಿಮಗೆ. ಕೋಲಾರದ ಅಂತರಗಂಗೆ, ಚಿಕ್ಕಬಳ್ಳಾಪುರದ ಆವಲಬೆಟ್ಟದ ಕಡೆಯವರಿಗೂ ಇದರಲ್ಲಿ ಹೆಚ್ಚಿನದು ಹಾಗೇ ಅನ್ವಯಿಸುತ್ತದೆ.

ಕಸ ಎಲ್ಲಿಗೆ ಹೋಗುತ್ತದೆ? ಇದು ಮೊದಲ ಪ್ರಶ್ನೆ

ಸ್ವಚ್ಛತಾ ದಿನ ಅಂದ ತಕ್ಷಣ ಎಲ್ಲರೂ ದಿನಾಂಕ ಹುಡುಕುತ್ತಾರೆ, ಪೋಸ್ಟರ್ ಮಾಡುತ್ತಾರೆ. ಅದೆಲ್ಲ ಆಮೇಲೆ. ಕಸ ಎತ್ತುವುದು ಸುಲಭ. 20 ಜನ ಮೂರು ತಾಸು ಬಗ್ಗಿದರೆ ಸಣ್ಣ ಬಂಡೆಯ ಬುಡ ಖಾಲಿಯಾಗುತ್ತದೆ. ಮಧ್ಯಾಹ್ನ 12ಕ್ಕೆ ರಸ್ತೆ ಬದಿಯಲ್ಲಿ 40 ಮೂಟೆ ನಿಂತಿರುತ್ತವೆ. ಅವುಗಳನ್ನು ಒಯ್ಯುವವರು ಯಾರು ಅಂತ ಗೊತ್ತಿಲ್ಲದಿದ್ದರೆ ರಾತ್ರಿ ನಾಯಿ, ಮರುದಿನ ಕೋತಿ, ಆಮೇಲೆ ಯಾರೋ ಹಚ್ಚುವ ಬೆಂಕಿ. ಬಂಡೆಯ ಕಸ ರಸ್ತೆಗೆ ಬಂದಿತು ಅಷ್ಟೇ.

ಹಾಗಾಗಿ ಮೊದಲ ಫೋನ್ ಗ್ರಾಮ ಪಂಚಾಯಿತಿಗೆ ಮಾಡಿ. ಪಂಚಾಯಿತಿ ಅಭಿವೃದ್ಧಿ ಅಧಿಕಾರಿ (ಪಿಡಿಒ) ಅವರನ್ನು ಕಚೇರಿಯಲ್ಲಿ ಕಂಡು ಮಾತಾಡಿದರೆ ಇನ್ನೂ ಒಳ್ಳೆಯದು. ನಮ್ಮ ಅನೇಕ ಪಂಚಾಯಿತಿಗಳಲ್ಲಿ ಈಗ ಸ್ವಚ್ಛ ಸಂಕೀರ್ಣ ಅನ್ನುವ ಒಣ ಕಸದ ಘಟಕ ಇದೆ. ಸ್ವಚ್ಛ ವಾಹಿನಿ ಗಾಡಿ ಇದೆ. ಸಾಕಷ್ಟು ಕಡೆ ಅದನ್ನು ಓಡಿಸುವವರು, ಕಸ ಬೇರ್ಪಡಿಸುವವರು ಸ್ವಸಹಾಯ ಸಂಘದ ಹೆಣ್ಣುಮಕ್ಕಳು. ಅವರ ಹತ್ತಿರ ನೇರವಾಗಿ ಕೇಳಿ: "ಅಕ್ಕ, ಭಾನುವಾರ ಗಾಡಿ ಬರುತ್ತಾ? ಸೋಮವಾರ ಬೆಳಿಗ್ಗೆ ಆದರೂ ಪರವಾಗಿಲ್ವಾ? ಒಡೆದ ಗಾಜು ತಗೋತೀರಾ? ಹೇಗೆ ಕಟ್ಟಿ ಕೊಡಬೇಕು?" ಅವರು ಹೇಳುವ ಉತ್ತರದ ಮೇಲೆ ನಿಮ್ಮ ದಿನಾಂಕ ನಿಂತಿರಲಿ. ಗಾಡಿಗೆ ರಜೆ ಇರುವ ದಿನ ನೀವು ಕಸ ಎತ್ತಬೇಡಿ.

ಎರಡನೇ ಫೋನ್ ಗುಜರಿಯವರಿಗೆ. ಒಡೆಯದ ಬಿಯರ್ ಬಾಟಲಿ, ಕಬ್ಬಿಣ, ಪೆಟ್ ಬಾಟಲಿ ಅವರು ಒಯ್ಯುತ್ತಾರೆ. ಚಿಪ್ಸ್ ಕವರ್, ಗುಟ್ಕಾ ಪೊಟ್ಟಣ ಯಾರಿಗೂ ಬೇಡ. ಅವು ಘಟಕಕ್ಕೇ ಹೋಗಬೇಕು.

ಬಂಡೆ ಯಾರದ್ದು ಅಂತ ತಿಳಿಯಿರಿ

"ಬೆಟ್ಟ ಅಲ್ವಾ, ಯಾರ ಅಪ್ಪಣೆ ಬೇಕು?" ಅನ್ನುವವರು ಸಿಗುತ್ತಾರೆ. ಬೇಕು. ನಮ್ಮ ಬೆಟ್ಟಗಳು ಅರಣ್ಯ ಇಲಾಖೆಯದ್ದಾಗಿರಬಹುದು, ಕಂದಾಯದ ಗೋಮಾಳ ಆಗಿರಬಹುದು, ಮುಜರಾಯಿ ದೇವಸ್ಥಾನಕ್ಕೆ ಸೇರಿರಬಹುದು, ಖಾಸಗಿ ಹಿಡುವಳಿಯೂ ಆಗಿರಬಹುದು. ಒಂದೇ ಬಂಡೆಯ ಬುಡ ಒಬ್ಬರದು, ತಲೆ ಇನ್ನೊಬ್ಬರದು ಆಗಿರುವುದೂ ಉಂಟು.

ಬಂಡೆ ಹತ್ತಿರ ನಿಂತು ಕಂದಾಯ ಇಲಾಖೆಯ ದಿಶಾಂಕ್ ಆ್ಯಪ್ ತೆರೆದರೆ ನೀವು ನಿಂತ ಜಾಗದ ಸರ್ವೆ ನಂಬರ್ ಬರುತ್ತದೆ. ಆ ನಂಬರ್ ಹಿಡಿದು ಭೂಮಿ ತಾಣದಲ್ಲಿ ಪಹಣಿ ನೋಡಿ. ಅನುಮಾನ ಇದ್ದರೆ ಗ್ರಾಮ ಆಡಳಿತಾಧಿಕಾರಿಯನ್ನು (ಹಿಂದೆ ಗ್ರಾಮ ಲೆಕ್ಕಿಗರು ಅನ್ನುತ್ತಿದ್ದರು) ಕೇಳಿ. ಅರಣ್ಯವಾದರೆ ವಲಯ ಅರಣ್ಯಾಧಿಕಾರಿಗೆ ಬರೆದು ಒಪ್ಪಿಗೆ ಪಡೆಯಿರಿ. ದೇವರಾಯನದುರ್ಗದ ಸುತ್ತ ಕಾಡು, ಅಲ್ಲಿ ಚಿರತೆ, ಕರಡಿ ಇವೆ. ಇಲಾಖೆಯವರು ಬೇಡ ಅಂದ ಕಡೆಗೆ ಹೋಗಬೇಡಿ. ಮಧುಗಿರಿಯಂಥ ಕೋಟೆ ಬೆಟ್ಟವಾದರೆ ಪುರಾತತ್ವ ಇಲಾಖೆಯನ್ನೂ ಕೇಳಬೇಕು. ಸಂರಕ್ಷಿತ ಸ್ಮಾರಕದ ಕಲ್ಲನ್ನು ಒಳ್ಳೆ ಉದ್ದೇಶದಿಂದ ಉಜ್ಜಿದರೂ ತಪ್ಪೇ.

ಪತ್ರ ಉದ್ದ ಬೇಡ. ಇಷ್ಟು ಸಾಕು:

"ಮಾನ್ಯರೇ, ತಮ್ಮ ವ್ಯಾಪ್ತಿಯ ಸರ್ವೆ ನಂ. ___ರಲ್ಲಿರುವ ಬಂಡೆಯ ಬುಡದಲ್ಲಿ ದಿನಾಂಕ ___ರಂದು ಬೆಳಿಗ್ಗೆ 7ರಿಂದ 11ರವರೆಗೆ ಸುಮಾರು 25 ಸ್ವಯಂಸೇವಕರು ಪ್ಲಾಸ್ಟಿಕ್ ಮತ್ತು ಗಾಜಿನ ಕಸ ಎತ್ತಲು ಬಯಸಿದ್ದೇವೆ. ಗಿಡ ಕಡಿಯುವುದಿಲ್ಲ, ಬೆಂಕಿ ಹಚ್ಚುವುದಿಲ್ಲ, ಕಲ್ಲು ಸರಿಸುವುದಿಲ್ಲ. ಕಸವನ್ನು ___ ಪಂಚಾಯಿತಿಯ ಘಟಕಕ್ಕೆ ಒಪ್ಪಿಸುತ್ತೇವೆ. ತಮ್ಮ ಸಿಬ್ಬಂದಿಯೊಬ್ಬರು ಜೊತೆಗಿದ್ದರೆ ಅನುಕೂಲ. ದಯವಿಟ್ಟು ಅನುಮತಿ ನೀಡಬೇಕಾಗಿ ವಿನಂತಿ."

ಸೀಲು ಹಾಕಿದ ಪ್ರತಿಯನ್ನು ಆ ದಿನ ಜೇಬಿನಲ್ಲಿ ಇಟ್ಟುಕೊಳ್ಳಿ.

ಊರಿನವರನ್ನು ಬಿಟ್ಟು ಮಾಡಬೇಡಿ

ಬಂಡೆಯ ಬಗ್ಗೆ ಎಲ್ಲರಿಗಿಂತ ಜಾಸ್ತಿ ಗೊತ್ತಿರುವುದು ಅಲ್ಲಿ ಕುರಿ ಮೇಯಿಸುವವರಿಗೆ. ಹೆಜ್ಜೇನು ಈ ವರ್ಷ ಎಲ್ಲಿ ಕಟ್ಟಿದೆ, ಯಾವ ಸಂದಿನಲ್ಲಿ ಹಾವು ಕಾಣುತ್ತದೆ, ಕುಡಿಯುವವರು ಯಾವ ಊರಿನಿಂದ ಎಷ್ಟು ಹೊತ್ತಿಗೆ ಬರುತ್ತಾರೆ, ಎಲ್ಲಾ ಅವರಿಗೆ ಗೊತ್ತು. ಹೋಗಿ ಪಕ್ಕದಲ್ಲಿ ಕೂತು, "ತಾತ, ಇಲ್ಲಿ ಗಾಜು ತುಳಿದು ಕುರಿಗೆ ಗಾಯ ಆಗಿದೆಯಾ?" ಅಂತ ಕೇಳಿ ನೋಡಿ. ಆಮೇಲೆ ನೀವು ಮಾತಾಡುವುದೇ ಬೇಕಿಲ್ಲ, ಅವರೇ ಹೇಳುತ್ತಾರೆ. ಗಾಜು ನಮ್ಮ ಶೂ ಕತ್ತರಿಸುವುದಕ್ಕಿಂತ ಮೊದಲು ಅವರ ಕುರಿಯ ಗೊರಸು ಕತ್ತರಿಸಿರುತ್ತದೆ.

ಬೆಂಗಳೂರಿನಿಂದಲೋ ತುಮಕೂರು ಟೌನಿನಿಂದಲೋ 25 ಜನ ಬಣ್ಣದ ಟೀ ಶರ್ಟ್ ಹಾಕಿಕೊಂಡು ಬಂದು, ಊರಿನವರು ಗಲೀಜು ಮಾಡಿದ್ದಾರೆ ಅನ್ನುವ ಮುಖ ಮಾಡಿ ಕಸ ಎತ್ತಿ ಹೋದರೆ, ಅದು ಆ ಊರಿಗೆ ಮಾಡುವ ಅವಮಾನ. ಆ ಕಸದಲ್ಲಿ ಪಾಲು ಹೊರಗಿನಿಂದ ಬಂದವರದ್ದೂ ಇರುತ್ತದೆ. ಊರಿನ ಹುಡುಗರನ್ನು ಕರೆಯಿರಿ. ಶಾಲೆಯ ಮೇಷ್ಟ್ರಿಗೆ ಹೇಳಿ. ಆದರೆ ಸಣ್ಣ ಮಕ್ಕಳಿಗೆ ಗಾಜಿನ ಕೆಲಸ ಕೊಡಬೇಡಿ. ಕಾಲುದಾರಿ ಬದಿಯ ಕವರ್ ಹೆಕ್ಕುವುದು, ಲೆಕ್ಕ ಬರೆಯುವುದು ಅವರಿಗಿರಲಿ. ತಿಂಡಿಯನ್ನೂ ಊರಿನಲ್ಲೇ ಮಾಡಿಸಿ, ದುಡ್ಡು ಕೊಡಿ.

ಒಂದು ವಾರ ಮುಂಚೆ ಹೋಗಿ ನೋಡಿ

ಮೂರ್ನಾಲ್ಕು ಜನ ಸಾಕು. ಫೋಟೋ ತೆಗೆಯಿರಿ, ಕಾಗದದ ಮೇಲೆ ಒಂದು ಒರಟು ನಕ್ಷೆ ಬರೆಯಿರಿ: ಗಾಡಿ ನಿಲ್ಲುವ ಜಾಗ, ಕಾಲುದಾರಿ, ಗಾಜು ಇರುವ ಜಾಗ, ದೊಣೆ (ಬಂಡೆಯ ಮೇಲೆ ನೀರು ನಿಲ್ಲುವ ಗುಂಡಿ), ದೇವರ ಕಲ್ಲು, ಜೇನು. ಮೊಬೈಲ್ ಸಿಗ್ನಲ್ ಎಲ್ಲಿ ಸಿಗುತ್ತದೆ ಅನ್ನುವುದನ್ನೂ ಗುರುತು ಹಾಕಿ. ಬಂಡೆಯ ನೆರಳಿನಲ್ಲಿ ಸಿಗ್ನಲ್ ಪೂರ್ತಿ ಹೋಗುವುದು ಮಾಮೂಲು.

ತಾಲ್ಲೂಕು ಆಸ್ಪತ್ರೆಗೆ ಮುಂಚೆಯೇ ಫೋನ್ ಮಾಡಿ ಹಾವಿನ ವಿಷಕ್ಕೆ ಕೊಡುವ ಇಂಜೆಕ್ಷನ್ ದಾಸ್ತಾನು ಇದೆಯಾ ಅಂತ ಕೇಳಿ. ಇಲ್ಲ ಅಂದರೆ ಎಲ್ಲಿ ಇದೆ ಅಂತ ತಿಳಿದುಕೊಳ್ಳಿ. ನಮ್ಮ ಕಡೆ ನಾಗರಹಾವು, ಕಟ್ಟುಹಾವು, ಕೊಳಕುಮಂಡಲ, ಗರಗಸ ಮಂಡಲ ನಾಲ್ಕೂ ಇವೆ. ಕಚ್ಚಿದರೆ ಕೊಯ್ಯಬಾರದು, ಬಿಗಿಯಾಗಿ ಕಟ್ಟಬಾರದು, ಓಡಿಸಬಾರದು. ಅಲುಗಾಡದ ಹಾಗೆ ಮಲಗಿಸಿ, ಹೊತ್ತು ತಂದು ಆಸ್ಪತ್ರೆಗೆ ಸೇರಿಸಬೇಕು. ಆಂಬುಲೆನ್ಸ್‌ಗೆ 108, ಬೇರೆ ತುರ್ತಿಗೆ 112.

ದಿನಾಂಕಕ್ಕೆ ನವೆಂಬರ್ ಕೊನೆಯಿಂದ ಜನವರಿ ಚೆನ್ನ. ಫೆಬ್ರವರಿ ಕಳೆದರೆ ಕಲ್ಲು ಬೆಳಿಗ್ಗೆ 10ಕ್ಕೇ ಕಾಯುತ್ತದೆ, ಒಣಹುಲ್ಲಿಗೆ ಬೆಂಕಿಯ ಭಯ ಬೇರೆ. ಮಳೆಗಾಲದಲ್ಲಿ ಕಲ್ಲು ಜಾರುತ್ತದೆ, ಮಣ್ಣು ಹಸಿಯಾಗಿ ಗಾಜು ಬಿಡುವುದಿಲ್ಲ.

ಹೆಜ್ಜೇನಿನ ವಿಷಯದಲ್ಲಿ ರಾಜಿ ಬೇಡ

ಇದನ್ನು ಬೇರೆಯಾಗಿಯೇ ಹೇಳಬೇಕು. ಎತ್ತರದ ಬಂಡೆಯ ಚಾಚಿನ ಕೆಳಗೆ ಹೆಜ್ಜೇನು ಕಟ್ಟುತ್ತದೆ. ಹೋದ ತಿಂಗಳು ಇರದ ಹುಟ್ಟು ಈ ತಿಂಗಳು ಇರಬಹುದು, ಯಾಕೆಂದರೆ ಅವು ಋತು ನೋಡಿ ಜಾಗ ಬದಲಿಸುತ್ತವೆ. ಆದ್ದರಿಂದ ಹಿಂದಿನ ದಿನ ಮತ್ತೆ ಒಬ್ಬರು ಹೋಗಿ ನೋಡಲೇಬೇಕು. ಜೀವಂತ ಹುಟ್ಟು ಕಂಡರೆ ಆ ಮುಖದ ಕೆಲಸವನ್ನೇ ಕೈಬಿಡಿ. ಬೇರೆ ಬಂಡೆಗೆ ಹೋಗಿ, ಅಥವಾ ದಿನಾಂಕ ಮುಂದೂಡಿ. ಹೊಗೆ ಹಾಕಿ ಓಡಿಸುವ ಮಾತೇ ಬೇಡ.

ಜೇನು ಎಲ್ಲೂ ಕಾಣದಿದ್ದರೂ ಸೆಂಟು ಹಾಕಿಕೊಂಡು ಬರಬೇಡಿ ಅಂತ ಎಲ್ಲರಿಗೂ ಹೇಳಿ. ಡ್ರೋನ್ ಬೇಡ, ಪಟಾಕಿ ಬೇಡ, ಸಿಗರೇಟ್ ಬೇಡ. ಅಕಸ್ಮಾತ್ ಎದ್ದರೆ ಮುಖ ಮುಚ್ಚಿಕೊಂಡು ದೂರ ಓಡಬೇಕು. ಗಾಡಿಯೋ ಮನೆಯೋ ಸಿಕ್ಕರೆ ಒಳಗೆ ಸೇರಿ ಬಾಗಿಲು ಹಾಕಬೇಕು. ಕೈ ಬೀಸಿ ಹೊಡೆಯಬಾರದು. ಚುಚ್ಚಿದ ಮುಳ್ಳಿನಿಂದ ಬರುವ ವಾಸನೆ ಉಳಿದ ಜೇನುಗಳನ್ನು ಅಲ್ಲಿಗೇ ಕರೆಯುತ್ತದೆ, ಹಾಗಾಗಿ ಸುರಕ್ಷಿತ ಜಾಗ ತಲುಪಿದ ಕೂಡಲೇ ಮುಳ್ಳನ್ನು ಕೆರೆದು ತೆಗೆಯಿರಿ. ತುಂಬಾ ಕಡೆ ಚುಚ್ಚಿದ್ದರೆ, ಉಸಿರು ಕಟ್ಟಿದರೆ, ಮುಖ ಊದಿದರೆ ಕಾಯದೆ ಆಸ್ಪತ್ರೆಗೆ. ಜೇನು ಕಚ್ಚಿದರೆ ಅಲರ್ಜಿ ಆಗುವವರು ಯಾರು ಅಂತ ಹೆಸರು ಬರೆಸಿಕೊಳ್ಳುವಾಗಲೇ ಕೇಳಿರಿ.

ಸಾಮಾನು

ಹೊಸದಾಗಿ ಕೊಳ್ಳುವುದು ಕಡಿಮೆ ಇರಲಿ. ಮೂಟೆಗೆ ಹಾಲು ಹಾಕುವ ಮನೆಗಳಲ್ಲಿ ಪಶು ಆಹಾರದ ಖಾಲಿ ಫೀಡ್ ಚೀಲ ಸಿಗುತ್ತವೆ. ಕಪ್ಪು ಕಸದ ಕವರ್ ಬಂಡೆಯ ಮೇಲೆ ಎರಡು ಹೆಜ್ಜೆ ಎಳೆದರೆ ಹರಿದುಹೋಗುತ್ತದೆ. ಒಡೆದ ಗಾಜಿಗೆ ಮುಚ್ಚಳ ಇರುವ ಖಾಲಿ ಪೇಂಟ್ ಬಕೆಟ್. ಕೈಗೆ ದಪ್ಪ ರಬ್ಬರ್ ಲೇಪ ಇರುವ ಗ್ಲೌಸ್, ಹತ್ತಿಯದ್ದು ಬೇಡ. ಉದ್ದ ಚಿಮಟ, ಕಡ್ಡಿ ಪೊರಕೆ, ಮೊರ, ಮರಳು ಜರಡಿ, ಕೊಂಡಿ ತಕ್ಕಡಿ, ಪ್ರಥಮ ಚಿಕಿತ್ಸೆ ಡಬ್ಬಿ, ಕ್ಯಾನ್ ನೀರು. ಹಳೇ ಸ್ಪೀಕರ್‌ನ ಮ್ಯಾಗ್ನೆಟ್‌ಗೆ ದಾರ ಕಟ್ಟಿ ನೆಲದ ಮೇಲೆ ಎಳೆದರೆ ಬಿಯರ್ ಬಾಟಲಿಯ ಮುಚ್ಚಳಗಳು ತಾವಾಗಿಯೇ ಅಂಟಿಕೊಳ್ಳುತ್ತವೆ.

ಬರುವವರಿಗೆ ಶೂ, ಫುಲ್ ಪ್ಯಾಂಟ್, ಟೋಪಿ ಕಡ್ಡಾಯ. ಚಪ್ಪಲಿಯಲ್ಲಿ ಬಂದವರಿಗೆ ತಕ್ಕಡಿ ಕೆಲಸ ಕೊಡಿ.

ತಿಂಡಿಗೆ ಮುತ್ತುಗದ ಎಲೆ ಅಥವಾ ಅಡಿಕೆ ಹಾಳೆ, ನೀರಿಗೆ ಸ್ಟೀಲ್ ಲೋಟ. ಪ್ಲಾಸ್ಟಿಕ್ ಕಸ ಎತ್ತಲು ಬಂದು ಪ್ಲಾಸ್ಟಿಕ್ ಲೋಟದಲ್ಲಿ ಟೀ ಕುಡಿಯುವುದು ಸರಿಯಲ್ಲ. ಅದೂ 2016ರಿಂದ ನಮ್ಮ ರಾಜ್ಯದಲ್ಲಿ ಅಂಥ ಲೋಟ, ತಟ್ಟೆ ನಿಷೇಧ. ಕ್ಯಾತ್ಸಂದ್ರದ ಕಡೆಯಿಂದ ಬರುವವರು ತಟ್ಟೆ ಇಡ್ಲಿ ತಂದರೆ ಸ್ಟೀಲ್ ಡಬ್ಬಿಯಲ್ಲಿ ತರಲಿ.

ಆ ದಿನ ಬೆಳಿಗ್ಗೆ

ಬೆಳಕು ಚೆನ್ನಾಗಿ ಹರಿದ ಮೇಲೆ, ಏಳಕ್ಕೆ ಸೇರಿ. ಹೆಸರು, ಫೋನ್ ನಂಬರ್, ಮನೆಯವರ ನಂಬರ್ ಬರೆದುಕೊಳ್ಳಿ. ಆರೇಳು ಜನಕ್ಕೆ ಒಬ್ಬ ಮುಂದಾಳು. ಹತ್ತು ನಿಮಿಷ ಮಾತು ಸಾಕು: ಏನು ಎತ್ತಬೇಕು, ಏನು ಮುಟ್ಟಬಾರದು, ಯಾರಿಗಾದರೂ ಏನಾದರೂ ಆದರೆ ಯಾರನ್ನು ಕೂಗಬೇಕು. ಸಂದಿಗೆ, ಪೊದೆಗೆ ಕೈ ಹಾಕಬಾರದು, ಮೊದಲು ಕೋಲು. ಕವರ್ ಎತ್ತುವಾಗ ಚಿಮಟ. ಕೆಳಗೆ ಚೇಳು ಇರುತ್ತದೆ.

ಕಾಲುದಾರಿಯಿಂದ ಶುರು ಮಾಡಿ ಬಂಡೆಯ ಕಡೆ ಹೋಗಬೇಡಿ. ಬಂಡೆಯಿಂದ ಶುರು ಮಾಡಿ ಗಾಡಿಯ ಕಡೆ ಬನ್ನಿ. ಆಗ ತುಂಬಿದ ಮೂಟೆ ಹೊತ್ತು ನಡೆಯುವ ದೂರ ಹೊತ್ತು ಏರಿದಂತೆ ಕಡಿಮೆಯಾಗುತ್ತದೆ, ಬಿಸಿಲು ಜಾಸ್ತಿಯಾಗುವ ಹೊತ್ತಿಗೆ ಎಲ್ಲರೂ ರಸ್ತೆ ಹತ್ತಿರ ಇರುತ್ತಾರೆ.

ಚೀಲಗಳನ್ನು ಅಲ್ಲೇ ಬೇರೆ ಮಾಡಿ. ಒಡೆಯದ ಬಾಟಲಿ, ಒಡೆದ ಗಾಜು, ಪ್ಲಾಸ್ಟಿಕ್, ಟೆಟ್ರಾ ಪ್ಯಾಕ್, ಬಟ್ಟೆ ಮತ್ತು ಇತರೆ. ಪ್ಯಾಡ್, ಡಯಾಪರ್ ಸಿಕ್ಕರೆ ನ್ಯೂಸ್ ಪೇಪರಿನಲ್ಲಿ ಸುತ್ತಿ ಕೆಂಪು ಗುರುತು ಹಾಕಿ, ಘಟಕದ ಅಕ್ಕಂದಿರು ಬರಿಗೈಯಲ್ಲಿ ಬಿಚ್ಚುವ ಹಾಗಾಗಬಾರದು. ಟೆಟ್ರಾ ಪ್ಯಾಕ್ ಮೇಲೆ ವಿಶೇಷ ಗಮನ ಇರಲಿ. 90 ಎಂಎಲ್ ಮದ್ಯದ ಆ ಪುಟ್ಟ ಡಬ್ಬಿಯ ಹೊರಗಿನ ಕಾಗದ ಮಳೆಗೆ ಕರಗಿ ಹೋಗುತ್ತದೆ. ಒಳಗಿನ ಅಲ್ಯೂಮಿನಿಯಂ ಮತ್ತು ಪ್ಲಾಸ್ಟಿಕ್ ಪದರ ಒಣ ಎಲೆಗಳ ಕೆಳಗೆ ಹಾಗೇ ಉಳಿಯುತ್ತದೆ. ಮೇಲಿನಿಂದ ಸ್ವಚ್ಛ ಕಂಡ ಜಾಗದಲ್ಲಿ ಎಲೆ ಸರಿಸಿ ನೋಡಿ, ಬೆಳ್ಳಿ ಬಣ್ಣದ ಚೂರುಗಳು ಒಂದರ ಮೇಲೊಂದು ಇರುತ್ತವೆ.

ಗಾಜಿಗೆ ಬೇರೆಯೇ ತಂಡ

ಹತ್ತುವವರಿಗೆ ಎಲ್ಲಕ್ಕಿಂತ ದೊಡ್ಡ ಶತ್ರು ಇದೇ. ಬುಡದ ಮಣ್ಣಿನಲ್ಲಿ ಸೇರಿದ ಗಾಜಿನ ಚೂರು ನೆಲದ ಮೇಲೆ ಹರಡಿದ ಹಗ್ಗದ ಸಿಪ್ಪೆಗೆ ಹೊಕ್ಕುತ್ತದೆ, ಕ್ಲೈಂಬಿಂಗ್ ಶೂನ ರಬ್ಬರಿಗೆ ಚುಚ್ಚಿಕೊಳ್ಳುತ್ತದೆ, ಮೇಲಿನಿಂದ ಬೀಳುವವನ ಅಂಗೈಗೆ ಸಿಗುತ್ತದೆ.

ತಾಳ್ಮೆ ಇರುವ ನಾಲ್ಕು ಜನರನ್ನು ಇದಕ್ಕೇ ಬಿಡಿ. ಮೊದಲು ದೊಡ್ಡ ಚೂರು ಚಿಮಟದಲ್ಲಿ. ಆಮೇಲೆ ಕಡ್ಡಿ ಪೊರಕೆಯಲ್ಲಿ ಮೇಲ್ಮಣ್ಣನ್ನು ಎರಡು ಬೆರಳು ಆಳದಷ್ಟು ಮಾತ್ರ ಗುಡಿಸಿ, ಮೊರದಲ್ಲಿ ತುಂಬಿ ಜರಡಿಗೆ ಹಾಕಿ. ಪ್ಲಾಸ್ಟರಿಂಗ್ ಮರಳಿನ ಸಣ್ಣ ಜರಡಿ ಬೇಡ, ಅದರಲ್ಲಿ ಮಣ್ಣೆಲ್ಲ ನಿಂತುಬಿಡುತ್ತದೆ. ಜಲ್ಲಿ ಜರಡಿಯೂ ಬೇಡ, ಗಾಜೇ ಸೋರುತ್ತದೆ. ಉಗುರಿನ ಗಾತ್ರದ ಚೂರು ನಿಲ್ಲುವಂಥದ್ದು ಬೇಕು. ಇಬ್ಬರು ಎದುರು ಬದುರು ಹಿಡಿದು ಮೆಲ್ಲಗೆ ಅಲ್ಲಾಡಿಸಿದರೆ ಕೆಳಗೆ ಕೆಂಪು ಮಣ್ಣು ಇಳಿದು, ಮೇಲೆ ಹಸಿರು ಕಂದು ಚೂರುಗಳು, ಕಲ್ಲು, ಬೇರು ಉಳಿಯುತ್ತವೆ. ಆ ಮಣ್ಣನ್ನು ಅದೇ ಜಾಗಕ್ಕೆ ವಾಪಸ್ ಹರಡಿ. ಬಂಡೆಯ ಬುಡದಲ್ಲಿ ಮಣ್ಣು ಇರುವುದೇ ಕಡಿಮೆ, ಅದೂ ಹೋದರೆ ಹುಲ್ಲು ಹುಟ್ಟುವುದಿಲ್ಲ. ಈ ಕೆಲಸ ಒಂದೇ ದಿನಕ್ಕೆ ಮುಗಿಯುವುದಿಲ್ಲ. ಬಿಲೇ ಮಾಡುವವರು (ಹತ್ತುವವರ ಹಗ್ಗವನ್ನು ಕೆಳಗೆ ಹಿಡಿದು ಕಾಯುವವರು) ನಿಲ್ಲುವ ಜಾಗ, ರೂಟ್ (ಬಂಡೆ ಹತ್ತುವ ದಾರಿ) ಶುರುವಾಗುವ ಜಾಗ ಇಷ್ಟು ಆದರೆ ಮೊದಲ ದಿನಕ್ಕೆ ಸಾಕು.

ಬಂಡೆಯ ಮೇಲೆ

ಹಗ್ಗ ಹಾಕಿ ಇಳಿದು ಮಾಡುವ ಕೆಲಸಕ್ಕೆ ತರಬೇತಿ ಆದವರು ಮಾತ್ರ. ನಮ್ಮ ರಾಜ್ಯದ ಜನರಲ್ ತಿಮ್ಮಯ್ಯ ರಾಷ್ಟ್ರೀಯ ಸಾಹಸ ಅಕಾಡೆಮಿಯಂಥ ಕಡೆ ಕಲಿತವರು ನಿಮ್ಮ ಸುತ್ತ ಇದ್ದರೆ ಅವರನ್ನು ಕರೆಯಿರಿ. ಹಾರ್ನೆಸ್ (ಸೊಂಟಕ್ಕೆ, ತೊಡೆಗೆ ಕಟ್ಟುವ ಪಟ್ಟಿ), ಹೆಲ್ಮೆಟ್, ಪ್ರುಸಿಕ್ ಬ್ಯಾಕಪ್ (ಕೈ ಜಾರಿದರೆ ಹಗ್ಗವನ್ನು ಬಿಗಿಹಿಡಿಯುವ ಗಂಟು), ಹಗ್ಗದ ತುದಿಗೆ ಗಂಟು. ಅಂಚಿನಲ್ಲಿ ಹಗ್ಗದ ಕೆಳಗೆ ಗೋಣಿಚೀಲ. ಇಳಿಯುವವರ ಕೆಳಗಿನ ಜಾಗಕ್ಕೆ ಟೇಪ್ ಕಟ್ಟಿ ಯಾರೂ ಬರದ ಹಾಗೆ ನೋಡಿಕೊಳ್ಳಿ. ಮೇಲಿನಿಂದ ಬಾಟಲಿ ಎಸೆಯುವಂತಿಲ್ಲ, ಚೀಲದಲ್ಲಿ ತುಂಬಿ ಹಗ್ಗದಲ್ಲಿ ಇಳಿಸಬೇಕು.

ಹಳೇ ಹಗ್ಗ, ಸ್ಲಿಂಗ್ (ಪಟ್ಟಿಯ ಕುಣಿಕೆ) ಕಂಡರೆ ಕತ್ತರಿಸಿ ತನ್ನಿ. ನೈಲಾನ್ ಬಿಸಿಲಿಗೆ ಸತ್ವ ಕಳೆದುಕೊಂಡಿರುತ್ತದೆ, ಯಾರೋ ನಂಬಿ ನೇತಾಡಿದರೆ ಕಥೆ ಮುಗಿಯಿತು. ಹಗ್ಗ ಸಿಕ್ಕಿಸಲು ಕಲ್ಲಿನಲ್ಲಿ ಕೂರಿಸಿದ ಬೋಲ್ಟ್ ವಿಷಯ ಹಾಗಲ್ಲ. ತುಕ್ಕು ಹಿಡಿದ ಬೋಲ್ಟನ್ನು ಸುತ್ತಿಗೆಯಲ್ಲಿ ಹೊಡೆದು ನೋಡುವುದು, ಬಗ್ಗಿಸುವುದು ಮಾಡಬೇಡಿ. ಫೋಟೋ ತೆಗೆದು, ಯಾವ ರೂಟಿನ ಎಷ್ಟನೇ ಬೋಲ್ಟ್ ಅಂತ ಬರೆದು, ಬೋಲ್ಟ್ ಹಾಕಲು ಬಲ್ಲವರಿಗೆ ಕೊಡಿ. ಅಲ್ಲಿಯವರೆಗೆ ಆ ರೂಟ್ ಹತ್ತಬೇಡಿ ಅಂತ ಎಲ್ಲರಿಗೂ ತಿಳಿಸಿ.

ನಮ್ಮದೇ ಕಸವೂ ಇದೆ. ಹತ್ತುವಾಗ ಕೈಗೆ ಹಚ್ಚುವ ಚಾಕ್ ಅಂದರೆ ಮೆಗ್ನೀಸಿಯಂ ಕಾರ್ಬೊನೇಟ್. ಅದು ನೀರಿನಲ್ಲಿ ಸುಲಭವಾಗಿ ಕರಗುವುದಿಲ್ಲ, ಚಾಚಿನ ಕೆಳಗೆ ಮಳೆಯೂ ತಾಗುವುದಿಲ್ಲ. ಬಿಳಿ ಕಲೆ ವರ್ಷಗಟ್ಟಲೆ ಉಳಿಯುತ್ತದೆ. ನೈಲಾನ್ ಬ್ರಷ್‌ನಲ್ಲಿ ಉಜ್ಜಿ, ಬೇಕಿದ್ದರೆ ಸ್ವಲ್ಪ ನೀರು ಹಾಕಿ. ತಂತಿ ಬ್ರಷ್ ಬೇಡವೇ ಬೇಡ, ಅದು ಕಲ್ಲಿನ ಹರಳುಗಳನ್ನೇ ಕಿತ್ತು ಹಿಡಿತವನ್ನು ನುಣ್ಣಗೆ ಮಾಡುತ್ತದೆ.

ಬಣ್ಣದಲ್ಲಿ ಬರೆದ ಹೆಸರುಗಳನ್ನು ಮೊದಲ ದಿನವೇ ಅಳಿಸಲು ಹೋಗಬೇಡಿ. ಆ್ಯಸಿಡ್, ಥಿನ್ನರ್ ಸುರಿದರೆ ಬಣ್ಣ ಕಲ್ಲಿನ ಒಳಕ್ಕೆ ಇಳಿಯುತ್ತದೆ, ಕೆಳಗಿನ ಗಿಡ ಸಾಯುತ್ತದೆ. ಜಾಗದ ಒಡೆಯರ ಒಪ್ಪಿಗೆ ಪಡೆದು, ಅಂಗೈಯಷ್ಟು ಜಾಗದಲ್ಲಿ ಪ್ರಯೋಗ ಮಾಡಿ, ಬಲ್ಲವರ ಜೊತೆ ಇನ್ನೊಂದು ದಿನ ಮಾಡಬೇಕಾದ ಕೆಲಸ ಅದು. ಹತ್ತಿರದಲ್ಲಿ ಶಾಸನದ ಅಕ್ಷರವೋ ಹಳೇ ಚಿತ್ರವೋ ಇದ್ದರಂತೂ ಕೈ ಹಚ್ಚಬೇಡಿ.

ಇವುಗಳನ್ನು ಮುಟ್ಟಬೇಡಿ

ಅರಿಶಿನ ಕುಂಕುಮ ಹಚ್ಚಿದ ಕಲ್ಲು, ಸುಣ್ಣ ಬಳಿದ ಮುನೇಶ್ವರನ ಜಾಗ, ಹಣತೆ, ತ್ರಿಶೂಲ. ಅಲ್ಲಿ ಕರ್ಪೂರದ ಕವರ್, ಎಣ್ಣೆ ಬಾಟಲಿ ಬಿದ್ದಿದ್ದರೆ ಊರಿನವರನ್ನೇ ಕೇಳಿ, ಅವರೇ ಎತ್ತಿ ಕೊಡುತ್ತಾರೆ.

ಕಲ್ಲಿನ ಮೇಲಿನ ಪಾಚಿ, ಕಲ್ಲುಹೂವು, ಚಾಚಿನ ಹುಲ್ಲು, ಹಕ್ಕಿಗೂಡು. ನಂದಿಬೆಟ್ಟದಂಥ ಕುರುಚಲು ಬಂಡೆಬೆಟ್ಟಗಳಲ್ಲಿ ಬದುಕುವ ಹಳದಿ ಕೊರಳಿನ ಪಿಕಳಾರ ದಕ್ಷಿಣ ಭಾರತ ಬಿಟ್ಟರೆ ಬೇರೆಲ್ಲೂ ಇಲ್ಲ. ಅದಕ್ಕೆ ನೀವು "ಕಳೆ" ಅಂದುಕೊಳ್ಳುವ ಪೊದೆಯೇ ಮನೆ.

ದೊಣೆಯ ನೀರಿನಲ್ಲಿ ಬಾಟಲಿ ತೇಲುತ್ತಿದ್ದರೆ ಬಲೆಯಲ್ಲಿ ಎತ್ತಿ, ಆದರೆ ಸೋಪು, ಪುಡಿ ಹಾಕಿ ತೊಳೆಯಬೇಡಿ. ಕುರಿ, ಕೋತಿ, ನವಿಲು ಕುಡಿಯುವುದು ಅದನ್ನೇ. ದೇವರಾಯನದುರ್ಗದ ಬೆಟ್ಟಗಳಲ್ಲಿ ಬಿದ್ದ ಮಳೆ ಒಂದು ಕಡೆ ಶಿಂಷೆಯಾಗಿ ಕಾವೇರಿಗೆ, ಇನ್ನೊಂದು ಕಡೆ ಜಯಮಂಗಲಿಯಾಗಿ ಉತ್ತರ ಪಿನಾಕಿನಿಗೆ ಹೋಗುತ್ತದೆ. ಅಲ್ಲಿ ಬಿಟ್ಟ ಒಂದು ಕವರ್ ಎರಡರಲ್ಲಿ ಯಾವ ಹೊಳೆಗೆ ಬೇಕಾದರೂ ಸೇರಬಹುದು.

ತೂಕ, ಲೆಕ್ಕ, ಸಾಗಣೆ

11ಕ್ಕೆ ಕೆಲಸ ನಿಲ್ಲಿಸಿ, ಇನ್ನೂ ಕಸ ಉಳಿದಿದ್ದರೂ ಸರಿ. ಸುಸ್ತಾದವರೇ ಕೈ ಕುಯ್ದುಕೊಳ್ಳುವುದು. ಹೆಸರಿನ ಪಟ್ಟಿ ಹಿಡಿದು ತಲೆ ಎಣಿಸಿ. ಪ್ರತಿ ಮೂಟೆಯನ್ನು ಕೊಂಡಿ ತಕ್ಕಡಿಗೆ ನೇತುಹಾಕಿ ಯಾವ ಬಗೆ, ಎಷ್ಟು ಕೆಜಿ ಅಂತ ಬರೆಯಿರಿ. ಆ ಒಂದು ಪುಟ ಮುಂದೆ ಪಂಚಾಯಿತಿ ಸಭೆಯಲ್ಲಿ ಮಾತಾಡುವಾಗ ನಿಮ್ಮ ನೂರು ಫೋಟೋಗಿಂತ ಜಾಸ್ತಿ ಕೆಲಸ ಮಾಡುತ್ತದೆ. ಬಕೆಟಿನ ಮೇಲೆ "ಒಡೆದ ಗಾಜು" ಅಂತ ದಪ್ಪ ಅಕ್ಷರದಲ್ಲಿ ಬರೆಯಿರಿ. ಗಾಡಿ ಹೊರಡುವವರೆಗೆ ಇಬ್ಬರಾದರೂ ಅಲ್ಲೇ ಇರಿ, ಸಾಧ್ಯವಾದರೆ ಘಟಕದವರೆಗೂ ಹೋಗಿ ಇಳಿಸಲು ಕೈಜೋಡಿಸಿ.

ಆಮೇಲೆ

ಬಂಡೆಯ ಬುಡದಲ್ಲಿ ಕಸದ ಡಬ್ಬ ಇಡಿಸೋಣ ಅಂತ ಯಾರಾದರೂ ಹೇಳೇ ಹೇಳುತ್ತಾರೆ. ನನ್ನ ಪ್ರಕಾರ ಬೇಡ. ಗಾಡಿ ಬರದ ಕಡೆ ಡಬ್ಬ ಇಟ್ಟರೆ ಖಾಲಿ ಮಾಡುವವರು ಇರುವುದಿಲ್ಲ, ಕೋತಿಗಳು ಉರುಳಿಸಿ ಬೆಟ್ಟವೆಲ್ಲಾ ಹರಡುತ್ತವೆ. ಇಡುವುದಾದರೆ ಸ್ವಚ್ಛ ವಾಹಿನಿ ನಿಲ್ಲುವ ರಸ್ತೆ ಬದಿಯಲ್ಲಿ, ಕೋತಿ ತೆಗೆಯಲಾಗದ ಮುಚ್ಚಳದ್ದು ಇಡಿಸಿ, ಯಾವ ದಿನ ಖಾಲಿ ಮಾಡುತ್ತಾರೆ ಅಂತ ಪಿಡಿಒ ಹತ್ತಿರ ಬರೆಸಿಕೊಳ್ಳಿ.

ಮೂರು ತಿಂಗಳಿಗೊಮ್ಮೆ ಐದಾರು ಜನ ಒಂದು ಬೆಳಿಗ್ಗೆ ಹೋಗಿ ಬಂದರೆ ದೊಡ್ಡ ಕಾರ್ಯಕ್ರಮದ ಅಗತ್ಯ ಬೀಳುವುದಿಲ್ಲ. ಅದಕ್ಕಿಂತ ಮುಖ್ಯ, ಹತ್ತಲು ಹೋಗುತ್ತಿರಿ. ಜನ ಓಡಾಡುವ ಬಂಡೆಯ ಹತ್ತಿರ ಕುಡಿಯಲು ಕೂರುವವರು ಕಡಿಮೆಯಾಗುತ್ತಾರೆ. ಊರಿನ ಹುಡುಗರಲ್ಲಿ ಆಸಕ್ತಿ ಇರುವವರಿಗೆ ಹಾರ್ನೆಸ್ ಕಟ್ಟುವುದು, ಬಿಲೇ ಹಿಡಿಯುವುದು ಕಲಿಸಿ. ಹಗ್ಗ ಹಿಡಿದು ಆ ಕಲ್ಲು ಹತ್ತಿದ ಹುಡುಗ ಅದರ ಬುಡದಲ್ಲಿ ಬಾಟಲಿ ಒಡೆಯಲು ಯಾರನ್ನೂ ಬಿಡುವುದಿಲ್ಲ.